ಸಂಜೆಯ ಅಳತೆ

ಪ್ರತಿ ಸೋಮವಾರ ಕುಣಿಗಲ್‌ನಿಂದ ಯಡಿಯೂರಿಗೆ ಸೈಕಲ್ಲಿನಲ್ಲೇ ಹೋಗಿ ದರ್ಶನ ಮಾಡುವುದು ನಾನು ಹೊತ್ತ ಹರಕೆ. ಆದರೆ ನನ್ನ ಅಗಲ ಪಾದಕ್ಕೆ ಯಾವ ಶೂ ಹಾಕಿದರೂ ಅರ್ಧ ದಾರಿಗೇ ಕಿರುಬೆರಳು ಮರಗಟ್ಟುತ್ತಿತ್ತು. ಹೀಗೇ ಆದರೆ ಹರಕೆ ತಪ್ಪುತ್ತದೆಂದು ಒಂದು ಬೆಳಿಗ್ಗೆ, ಸವಾರರ ಶೂಗಳನ್ನೂ ಮಾರುವ ತುಮಕೂರಿನ ಒಂದು ಸೈಕಲ್ ಅಂಗಡಿಗೆ ಹೋದೆ.

ಅಂಗಡಿಯವನು ಪಾದ ನೋಡಿ, "ಈಗ ಬೇಡ ಯಜಮಾನ್ರೆ, ಸಂಜೆ ಬನ್ನಿ. ಆಗ ಕಾಲು ಒಸಿ ಊದ್ಕೊಂಡಿರ್ತದೆ, ಅಳತೆ ಸರಿಯಾಗಿ ಸಿಗ್ತದೆ" ಅಂದ. ಬಂದ ಗಿರಾಕಿಯನ್ನು ವಾಪಸು ಕಳಿಸುವ ವ್ಯಾಪಾರಿಯನ್ನು ನಾನು ಕಂಡಿರಲಿಲ್ಲ. ಸಂಜೆಯೊಳಗೆ ಎಲ್ಲಿಂದಲೋ ಹಳೇ ಮಾಲು ತರಿಸಿಡುತ್ತಾನೆ ಎಂದುಕೊಂಡು ಅವನ ಮುಖವನ್ನೇ ಅನುಮಾನದಿಂದ ನೋಡಿದೆ. ಆದರೂ ಸಂಜೆ ಹೋದೆ.

ಅವನು ನೆಲಕ್ಕೆ ದಿನಪತ್ರಿಕೆ ಹಾಸಿ, "ನಿಂತ್ಕೊಳಿ, ಪಾದದ ಸುತ್ತ ಗೆರೆ ಎಳಿತೀನಿ" ಅಂದ.

"ಅಕ್ಷರ ತುಳಿಯಲ್ಲಪ್ಪ ನಾನು."

"ಬೆಳಿಗ್ಗೆ ನನ್ನ ಮೇಲೆ ಅನುಮಾನ, ಈಗ ಪೇಪರ್ ಮೇಲೆ ಭಕ್ತಿನಾ?" ಎಂದು ನಗುತ್ತಾ ಬಿಳೀ ರಟ್ಟು ತಂದ. ಗೆರೆ ಎಳೆದು, ಅದರ ಮೇಲೆ ನಾಲ್ಕು ಜೊತೆ ಶೂ ಇಟ್ಟು ನೋಡಿ, ಒಂದನ್ನು ಕೊಟ್ಟ. ಐದು ಬೆರಳೂ ಒಳಗೆ ಸಲೀಸಾಗಿ ಆಡಿದವು.

ಈಗ ಯಡಿಯೂರು ಮುಟ್ಟುವವರೆಗೂ ಬೆರಳು ಮರಗಟ್ಟುವುದಿಲ್ಲ. ಶೂ ಗುಡಿಯ ಹೊರಗೆ ಬಿಟ್ಟರೂ ಕಳ್ಳರ ಭಯವಿರಬಾರದು. ಇಂಥ ಪಾದ ಇನ್ಯಾರಿಗಿದೆ? ಆದರೂ ಮಂಗಳಾರತಿ ಹೊತ್ತಿಗೆ ನನ್ನ ಒಂದು ಕಣ್ಣು ಬಾಗಿಲ ಕಡೆಗೇ ಇರುತ್ತದೆ.