ಯಾರ ಹೆದರಿಕೆಗೆ ಇಂಜೆಕ್ಷನ್ನು?

ನನ್ನ ತಂಗಿ ನರ್ಸು. ಅವಳು ಸೂಜಿ ಚುಚ್ಚೋದನ್ನ ನೋಡಿ ಕಲಿಯೋಕೆ ಸೊಳ್ಳೆಗಳು ಕಿಟಕಿ ಹೊರಗೆ ಸಾಲು ನಿಲ್ತಿದ್ವು. ನಗಬೇಡಿ, ನಾನೇ ಎಣಿಸಿದೀನಿ. ಮೂವತ್ತೊಂದು ವರ್ಷ ಅವಳು ದುಡಿದಿದ್ದು ವಾಸಿಯಾಗದವರ ವಾರ್ಡಲ್ಲಿ. ಅಲ್ಲಿ ಕಾಯಿಲೆ ಗುಣ ಮಾಡಲ್ಲ, ನೋವು ಇಳಿಸ್ತಾರೆ ಅಷ್ಟೇ. ಮನೇಲಿ ನನಗೂ ಅವಳಿಗೂ ಎಣ್ಣೆ ಸೀಗೇಕಾಯಿ. ವಾರ್ಡಿಗೆ ಕಾಲಿಟ್ರೆ ಅವಳು ಬೆಣ್ಣೆ.

ಒಂದಿನ ಮಧ್ಯಾಹ್ನ ಅವಳಿಗೆ ಊಟದ ಡಬ್ಬಿ ಕೊಡೋಕೆ ಹೋಗಿದ್ದೆ. ಅವಳು ಕೊನೇ ಕೋಣೇಲಿದ್ಳು, ನಾನು ಬಾಗಿಲಲ್ಲೇ ನಿಂತೆ. ಒಳಗೆ ಒಬ್ಬ ಅಜ್ಜಿ, ಇನ್ನೇನು ದಿನ ಎಣಿಸೋ ಹಾಗಿದ್ರು. ಮಂಚದ ಪಕ್ಕದ ಕುರ್ಚೀಲಿ ಅವರ ಮಗಳು, ಟೈಪಿಸ್ಟು. ಅಜ್ಜಿ ಮೆಲ್ಲಗೆ ಅಂದ್ರು, "ಏಳೇ, ನಿಮ್ಮಪ್ಪನ ತೊಡೆ ಮೇಲೆ ಕೂತಿದೀಯ. ಈ ವಯಸ್ಸಲ್ಲಿ ಇದೇನು ಮುದ್ದು!"

ಆ ಅಪ್ಪ ಸತ್ತು ಹನ್ನೊಂದು ವರ್ಷ. ಮಗಳು ಹಾವು ತುಳಿದವಳ ಹಾಗೆ ಎದ್ಳು. ಅಜ್ಜಿ ಖಾಲಿ ಕುರ್ಚಿ ಜೊತೆ ಮಾತಿಗಿಳಿದ್ರು. ನಡುನಡುವೆ ಉತ್ತರ ಕೇಳಿಸಿಕೊಳ್ಳೋ ಹಾಗೆ ಸುಮ್ಮನಾಗ್ತಿದ್ರು. ಮಗಳು ನನ್ನ ತಂಗಿ ಕಡೆ ತಿರುಗಿದ್ಳು.

"ಸಿಸ್ಟರ್, ನಿದ್ದೆ ಇಂಜೆಕ್ಷನ್ ಕೊಟ್ಟುಬಿಡಿ! ಡಾಕ್ಟ್ರೇ ಬರೆದಿದಾರಲ್ಲ, ಬೇಕಾದ್ರೆ ಕೊಡಿ ಅಂತ."

"ಬೇಕು ಅಂತ ನಿಮ್ಮಮ್ಮ ಹೇಳಬೇಕು, ನೀವಲ್ಲ." ತಂಗಿ ಬಗ್ಗಿದ್ಳು. "ಅಜ್ಜಿ, ಅವರನ್ನ ನೋಡಿ ಹೆದರಿಕೆ ಆಗ್ತಿದೆಯಾ? ಮಲಗಿಸ್ಲಾ?"

"ಅಯ್ಯೋ ನಿನ್ನ! ಇಷ್ಟು ವರ್ಷ ಆದ್ಮೇಲೆ ಬಂದಿದಾರೆ, ನಾನು ಗೊರಕೆ ಹೊಡೀಲಾ?"

"ನಿಮ್ಮ ಮೇಲೆ ದೂರು ಕೊಡ್ತೀನಿ," ಅಂದ್ಳು ಮಗಳು.

"ಕೊಡಿ. ಈಗ ಮಲಗಿಸಿದ್ರೆ ಇವರು ಮತ್ತೆ ಮಾತಾಡ್ತಾರೆ ಅಂತ ನಾನು ಮಾತು ಕೊಡಲಾರೆ. ಹೆದರಿಕೆ ನಿಮ್ಮದು. ಅದಕ್ಕೆ ನನ್ನ ಕೈ ಹಿಡ್ಕೊಳ್ಳಿ."

ಮಗಳು ಹಿಡ್ಕೊಂಡ್ಳು. ಮಂಚದ ಈ ಕಡೆ ಕೂತ್ಳು, ಕುರ್ಚಿ ಕಡೆ ಮಾತ್ರ ಕಣ್ಣು ಹಾಯಿಸಲಿಲ್ಲ.

ಸುಮಾರು ಹೊತ್ತಾದ್ಮೇಲೆ ಅಜ್ಜಿ ಕುರ್ಚಿಗೆ ಗದರಿಸಿದ್ರು. "ಒಂದ್ನಿಮಿಷ ತಡೀರಿ, ನಿಮ್ಮದು ಯಾವಾಗ್ಲೂ ಅವಸರ." ಆಮೇಲೆ ಮಗಳನ್ನ ಹತ್ರ ಎಳ್ಕೊಂಡು ಕಿವೀಲಿ ಏನೋ ಹೇಳಿದ್ರು. ಬಹಳ ಹೊತ್ತು ಹೇಳಿದ್ರು. ಮಗಳು ಅಳ್ತಾ ಅಳ್ತಾನೇ ನಕ್ಕಳು. "ಹೂಂ ಅಮ್ಮ, ಹೂಂ" ಅಂದ್ಳು.

"ಸರಿ, ನಡೀರಿ," ಅಂದ್ರು ಅಜ್ಜಿ. ಅಲ್ಲಿಗೆ ಉಸಿರು ನಿಂತಿತು.

ಕುರ್ಚಿ ಕಾಲು ನೆಲಕ್ಕೆ ಕರ್ರಂತ ಉಜ್ಜಿದ್ದು ನಮ್ಮ ಮೂವರಿಗೂ ಕೇಳಿಸ್ತು. ಅದರ ಹತ್ರ ಯಾರೂ ಇರಲಿಲ್ಲ.

ನಾನು ಬಾಗಿಲಿಗೆ ಅಡ್ಡ ನಿಂತಿದ್ದೆ. "ಅಣ್ಣ," ಅಂದ್ಳು ತಂಗಿ, "ಸ್ವಲ್ಪ ದಾರಿ ಬಿಡು."

ಬಿಟ್ಟೆ.