ದ್ವೀಪಕ್ಕೆ ಒಯ್ದ ಎಣಿಕೆಯ ಚೀಟಿ

ಅಮೆರಿಕದ ಪಶ್ಚಿಮ ತೀರದಲ್ಲಿ ನಮ್ಮ ಮನೆಯಿರುವ ನಾರ್ತ್ ಕ್ರೀಕ್‌ನಿಂದ ನಾವು ಹೊರಟಾಗ ಬೆಳಿಗ್ಗೆ ಎಂಟೂವರೆ. ನವೆಂಬರಿನ ಮೊದಲ ವಾರ. ತುಂತುರು ಬಿಟ್ಟಿರಲಿಲ್ಲ, 405 ಹೆದ್ದಾರಿಯಲ್ಲಿ ಕಾರುಗಳೆಲ್ಲ ದೀಪ ಹಚ್ಚಿಕೊಂಡೇ ಓಡುತ್ತಿದ್ದವು. ಪಕ್ಕದಲ್ಲಿ ಮಾರಿಸೊಲ್ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ಹಿಡಿದಿದ್ದಳು.

ಮಾರಿಸೊಲ್ ನನಗೆ ಸಿಕ್ಕಿದ್ದು ಗ್ರಂಥಾಲಯದ ಇಂಗ್ಲಿಷ್ ಮಾತುಗಾರಿಕೆಯ ತರಗತಿಯಲ್ಲಿ. ದಕ್ಷಿಣ ಅಮೆರಿಕದವಳು. ಯಾವ ದೇಶ ಎಂದು ಬರೆಯಬೇಡ ಎಂದಿದ್ದಾಳೆ. ತಾಯಿ ಇನ್ನೂ ಅಲ್ಲೇ ಇದ್ದಾಳೆ. ಮಾರಿಸೊಲ್ ಕೂಡ ನನ್ನಂತೆ ಶಾಲೆಯಲ್ಲಿ ಪಾಠ ಹೇಳಿದವಳು. ಗದಗಿನಲ್ಲಿದ್ದಾಗ ನಾನು ಮೂರು ಸಲ ಚುನಾವಣೆ ಡ್ಯೂಟಿ ಮಾಡಿದ್ದೆ ಎಂದು ಹೇಳಿದ ದಿನ ಅವಳು ತನ್ನ ಕಥೆ ಬಿಚ್ಚಿದಳು.

ಅವಳ ಊರಿನ ಮತಗಟ್ಟೆಯಲ್ಲಿ ಅವಳು ವಿರೋಧ ಪಕ್ಷದ ಏಜೆಂಟ್ ಆಗಿದ್ದಳು. ಮತದಾನ ಮುಗಿದ ಮೇಲೆ ಯಂತ್ರ ಒಂದು ಉದ್ದನೆಯ ಚೀಟಿ ಮುದ್ರಿಸಿತು. ಯಾರಿಗೆ ಎಷ್ಟು ಮತ ಎಂಬ ಲೆಕ್ಕ, ಕೆಳಗೆ ಏಜೆಂಟರ ಸಹಿ. ನಮ್ಮಲ್ಲಿ ಒಟ್ಟು ಬಿದ್ದ ಮತಗಳ ಲೆಕ್ಕ ಬರೆದು ಏಜೆಂಟರಿಗೆ 17ಸಿ ನಮೂನೆ ಕೊಡುತ್ತೇವಲ್ಲ, ಸುಮಾರು ಹಾಗೆ. ಆ ಮತಗಟ್ಟೆಯಲ್ಲಿ ಆಳುವ ಪಕ್ಷ ಹೀನಾಯವಾಗಿ ಸೋತಿತ್ತು. ಸುತ್ತಲಿನ ಮತಗಟ್ಟೆಗಳಲ್ಲೂ ಅದೇ. ಆದರೆ ಟೀವಿಯಲ್ಲಿ ಅದೇ ಪಕ್ಷ ಗೆದ್ದಿತು. ಮರುದಿನದಿಂದ ಪೊಲೀಸರು ಚೀಟಿ ಹುಡುಕುತ್ತ ಏಜೆಂಟರ ಮನೆಗಳಿಗೆ ಬಂದರು. ಮಾರಿಸೊಲ್ ಅದನ್ನು ಲಂಗದ ಅಂಚಿನಲ್ಲಿ ಹೊಲಿದುಕೊಂಡು ಗಡಿ ದಾಟಿದಳು.

ಈಗ ಅವಳಿಗೆ ಇಲ್ಲಿರಲು ಕೊಟ್ಟಿದ್ದ ಅನುಮತಿ ರದ್ದಾಗಿತ್ತು. ಮುಂದಿನ ವಾರ ಹಿಂದಿರುಗಬೇಕು. ಚೀಟಿ ಜೊತೆಗಿದ್ದರೆ ಜೈಲು ಖಾತ್ರಿ. ಅದೇ ಮತಗಟ್ಟೆಯಲ್ಲಿ ಸಹಿ ಹಾಕಿದ್ದ ಮುದುಕ ಎರ್ನೆಸ್ತೊ ವಿಡ್ಬಿ ದ್ವೀಪದಲ್ಲಿ ಮಗಳೊಂದಿಗಿದ್ದ. ಅವನ ಕೈಗೆ ಒಪ್ಪಿಸಿಬರುವುದು ಪ್ರವಾಸದ ಉದ್ದೇಶ.

“ಚೀಟಿಯ ಫೋಟೊ ಇದೆಯಲ್ಲ, ಸಾಲದಾ?” ಎಂದು ಕೇಳಿದೆ.

“ಫೋಟೊ ಎಲ್ಲ ಸುಳ್ಳು ಅಂತಾರೆ. ಇದರ ಮೇಲೆ ಶಾಯಿ ಇದೆ.”

ಮುಕಿಲ್ಟಿಯೊದಲ್ಲಿ ಕಾರುಗಳನ್ನು ದಾಟಿಸುವ ಹಡಗಿಗೆ, ಫೆರಿಗೆ, ಮುಕ್ಕಾಲು ಗಂಟೆ ಸಾಲು. ದಾಟಲು ಇಪ್ಪತ್ತೇ ನಿಮಿಷ. ಕಾರಿನಲ್ಲಿ ಪಕ್ಕ ಕೂತವರಿಗೆ ಟಿಕೆಟ್ ಹೋಗುವಾಗ ಮಾತ್ರ, ಬರುವಾಗ ಕೇಳುವುದಿಲ್ಲ. ನೀರು ಸೀಸದ ಬಣ್ಣಕ್ಕೆ ತಿರುಗಿತ್ತು, ಆಚೆ ದಡ ಕಾಣುತ್ತಿರಲಿಲ್ಲ.

ದ್ವೀಪದಲ್ಲಿ ಇಳಿದು ಕಾಫಿಗೆಂದು ಒಂದು ಕಡೆ ನಿಲ್ಲಿಸಿದೆವು. ಎದುರಿಗೆ ಇಲ್ಲಿನ ಚುನಾವಣೆಯ ಮತಪೆಟ್ಟಿಗೆ. ಈ ರಾಜ್ಯದಲ್ಲಿ ಮತಪತ್ರ ಅಂಚೆಯಲ್ಲಿ ಮನೆಗೇ ಬರುತ್ತದೆ. ತುಂಬಿ ತಂದು ಬೀದಿಬದಿಯ ಉಕ್ಕಿನ ಪೆಟ್ಟಿಗೆಗೆ ಹಾಕಿದರಾಯಿತು. ಅದರಿಂದ ಸ್ವಲ್ಪ ದೂರದಲ್ಲಿ, ಕಳ್ಳ ವೋಟು ಹಿಡಿಯುತ್ತೇವೆಂದು ತಾವಾಗಿಯೇ ಕಾವಲು ಕೂರುವವರ ಹಾಗೆ, ರೇನ್‌ಕೋಟ್ ತೊಟ್ಟ ಗಂಡಸೊಬ್ಬ ಮಡಿಚುವ ಕುರ್ಚಿ ಹಾಕಿಕೊಂಡು ಕೂತು, ಬಂದವರ ಕಾರಿನ ನಂಬರುಗಳ ಫೋಟೊ ತೆಗೆಯುತ್ತಿದ್ದ. ಒಬ್ಬ ಹೆಂಗಸು ಲಕೋಟೆ ಹಾಕಿ ತಲೆ ತಗ್ಗಿಸಿಕೊಂಡು ಬೇಗಬೇಗ ಹೋದಳು.

“ನಮ್ಮಲ್ಲೂ ಮೊದಲು ಹೀಗೇ,” ಎಂದಳು ಮಾರಿಸೊಲ್. “ಸುಮ್ನೆ ಕುರ್ಚಿ ಹಾಕ್ಕೊಂಡು ಕೂತಿರ್ತಿದ್ರು.”

ಅವನು ನನ್ನ ಕಾರಿನತ್ತಲೂ ಫೋನ್ ತಿರುಗಿಸಿದ. ಅವನು ಏನೂ ಕೇಳದಿದ್ದರೂ ನಾನೇ ಇಂಗ್ಲಿಷಿನಲ್ಲಿ, “ನಾವು ವೋಟ್ ಹಾಕೋರಲ್ಲ, ಕಾಫಿಗೆ ಬಂದಿದೀವಿ,” ಎಂದೆ.

“ಹಾಗಾದ್ರೆ ಹೆದರಿಕೆ ಯಾಕೆ?” ಎಂದು ನಕ್ಕ. ಕಾಫಿ ಅರ್ಧಕ್ಕೇ ಬಿಟ್ಟು ಹೊರಟೆವು.

ಎರ್ನೆಸ್ತೊನ ಮನೆ ಸಸಿ ಮಾರುವ ಒಂದು ನರ್ಸರಿಯ ಹಿಂದಿತ್ತು. ಮಾರಿಸೊಲ್‌ಳನ್ನು ಅವನು ತಬ್ಬಿಕೊಂಡು ಬಹಳ ಹೊತ್ತು ಬಿಡಲಿಲ್ಲ. ಗೋವಿನಜೋಳದ ದಪ್ಪ ರೊಟ್ಟಿ, ಕಪ್ಪು ಕಾಳಿನ ಪಲ್ಯ ಬಡಿಸಿದ. ಉಂಡ ಮೇಲೆ ಅವಳು ಚೀಟಿಯನ್ನು ಮೇಜಿನ ಮೇಲೆ ಬಿಚ್ಚಿದಳು. ಅವನು ತನ್ನ ಸಹಿಯ ಮೇಲೆ ಬೆರಳಾಡಿಸಿದ. ಮತ್ತೆ ಮೆಲ್ಲಗೆ ಅವಳತ್ತ ಸರಿಸಿ ಸ್ಪ್ಯಾನಿಷ್‌ನಲ್ಲಿ ಏನೋ ಹೇಳಿದ. ಮಾರಿಸೊಲ್ ತಲೆಯೆತ್ತದೆ ನನಗೆ ತಿಳಿಸಿದಳು: “ಊರಲ್ಲಿ ಇವನ ಮಗನನ್ನ ಹಿಡಿದಿಟ್ಟಿದಾರೆ. ಅಪ್ಪ ಬಾಯಿ ಮುಚ್ಕೊಂಡಿದ್ರೆ ಬಿಡ್ತಾರಂತೆ.”

ಅವಳು ಚೀಟಿ ಮಡಿಚಿ ಚೀಲಕ್ಕೆ ಹಾಕಿಕೊಂಡಳು. ಅವನು ಗೇಟಿನವರೆಗೂ ಬಂದು ಉಳಿದ ರೊಟ್ಟಿ ಕಟ್ಟಿಕೊಟ್ಟ.

ವಾಪಸು ಫೆರಿಯಲ್ಲಿ, ಕಾರಿನೊಳಗೇ ಕೂತಿದ್ದಾಗ ಅವಳು ಕೇಳಿದಳು: “ನೀನು ಇಟ್ಕೊಳ್ತೀಯಾ?”

ನಾನು ಕೆಳಗಿಳಿದು ಗಂಡನಿಗೆ ಫೋನ್ ಮಾಡಿದೆ. ಅವರು ಕೆಂಟ್‌ನಲ್ಲಿ ವಿಮಾನದ ಬಿಡಿಭಾಗ ಮಾಡುವ ಕಂಪನಿಯಲ್ಲಿ ಎಂಜಿನಿಯರ್. ಅವರ ವೀಸಾದ ಮೇಲೆಯೇ ನಾನಿರುವುದು. ಗ್ರೀನ್ ಕಾರ್ಡಿಗೆ ಕಾಯತೊಡಗಿ ವರ್ಷಗಳಾಗಿವೆ.

“ಒಂದು ಕಾಗದ ಇಟ್ಕೊಂಡ್ರ ಏನ್ ಆಕ್ಕೈತಿ ರೀ?”

“ಏನೂ ಆಗೂದಿಲ್ಲ. ಆದ್ರ ಈಗ ಹಂಗ ಖಾತ್ರಿಯಿಂದ ಹೇಳಾವ್ರು ಯಾರದಾರ?” ಕೊನೆಗೆ, “ನಿನ್ನ ಮ್ಯಾಲ ಬಿಟ್ಟೀನಿ. ನೀ ಹೆಂಗ್ ಅಂತಿ ಹಂಗ,” ಎಂದರು.

ಹಾಗಾಗಿ ನಿರ್ಧಾರ ನನ್ನದೇ. ಮೂರು ಚುನಾವಣೆಗಳಲ್ಲಿ ಯಂತ್ರಕ್ಕೆ ಮೊಹರು ಹಾಕಿ, ರಾತ್ರಿಯೆಲ್ಲ ಕಾದು ಒಪ್ಪಿಸಿ ಬಂದವಳು ನಾನು. ಕಾರಿನೊಳಗೆ ಕೂತು, “ಮಾರಿಸೊಲ್, ನಮ್ಮ ವೀಸಾ…” ಎಂದೆ.

“ಗೊತ್ತು,” ಎಂದು ಅವಳೇ ನನ್ನ ಕೈ ತಟ್ಟಿದಳು. ಮನೆ ತಲುಪುವವರೆಗೆ ತನ್ನ ತಾಯಿಯ ಮಂಡಿನೋವಿನ ಬಗ್ಗೆ ಮಾತಾಡಿದಳು.

ಅವಳು ಹೊರಡುವ ಹಿಂದಿನ ದಿನ ಫೋನ್ ಮಾಡಿ, ವಿಮಾನ ನಿಲ್ದಾಣಕ್ಕೆ ಬಿಡುತ್ತೇನೆ ಎಂದೆ. ಚೀಟಿ ಏನಾಯಿತು ಎಂದು ಕೇಳುವ ಧೈರ್ಯವಾಗಲಿಲ್ಲ.

“ಬೇಡ,” ಎಂದಳು. “ನನ್ನ ಜೊತೆ ನಿನ್ನನ್ನ ಯಾರೂ ನೋಡೋದು ಬೇಡ.”

ಆ ಮಾತು ಕೇಳಿ ನನಗೆ ಹಾಯೆನಿಸಿತು. ಅದನ್ನೂ ಇಲ್ಲಿ ಬರೆದಿಡಬೇಕು.