ದಹಬಿಯಾಳ ಗಂಡು ಮರ

ಮೆಜಿಯಾನ್ ಆ ಮರ ಕಡಿದದ್ದು ಜನವರಿಯ ಒಂದು ಬೆಳಿಗ್ಗೆ, ಜುರ್ಜುರಾ ಬೆಟ್ಟದ ನೆತ್ತಿಗೆ ಹಿಮ ಬಿದ್ದ ಮಾರನೆಯ ದಿನ. ಆಲಿವ್ ಕೊಯ್ಲು ಮುಗಿದಿತ್ತು, ಎಣ್ಣೆ ಜಾಡಿ ಸೇರಿತ್ತು, ಉಳುಮೆಗೆ ಇನ್ನೂ ನೆಲ ಹದವಾಗಿರಲಿಲ್ಲ. ಕೆಲಸವಿಲ್ಲದ ಬಡಗಿ ಮಗುವಿನ ಕುಂಡಿ ಕೆತ್ತಿದನಂತೆ. ಮೆಜಿಯಾನನ ಕೈಗೂ ಕೊಡಲಿ ಸಿಕ್ಕಿತು.

ಅವನದು ಇಳಿಜಾರಿನ ನಾಲ್ಕು ಪಟ್ಟಿ ಹೊಲ. ಮೂವತ್ತು ಅಂಜೂರದ ಮರ, ಹನ್ನೆರಡು ಆಲಿವ್, ಒಂದಿಷ್ಟು ಈರುಳ್ಳಿ, ಎರಡು ಆಡು, ಒಂದು ಮುದಿ ಕತ್ತೆ. ಕಡಿದ ಮರ ಮಾತ್ರ ಅವನದಲ್ಲ. ಅದು ನಿಂತದ್ದು ಅವನ ನೆಲದಲ್ಲಿ, ಆದರೆ ಮರ ಅಕ್ಕ ದಹಬಿಯಾಳದು. ಆ ಬೆಟ್ಟಗಳಲ್ಲಿ ನೆಲ ಒಬ್ಬರದು, ಅದರ ಮೇಲಿನ ಮರ ಇನ್ನೊಬ್ಬರದು ಆಗಬಹುದು. ಹೆಣ್ಣುಮಕ್ಕಳಿಗೆ ನೆಲದಲ್ಲಿ ಪಾಲು ಕೊಡುವ ರೂಢಿ ಇರಲಿಲ್ಲ. ಮಗಳನ್ನು ಕಣಿವೆಯಾಚೆಯ ಊರಿಗೆ ಕೊಟ್ಟ ದಿನ ಅಪ್ಪ ಹೊಲದ ಮೇಲಿನ ಮೂಲೆಗೆ ಕರೆದುಕೊಂಡು ಹೋಗಿ, ಗಂಡು ಅಂಜೂರದ ಮರ ತೋರಿಸಿ, "ಇದು ನಿಂದು" ಎಂದಿದ್ದ. ಊರು ನಕ್ಕಿತ್ತು. ಗಂಡು ಮರದ ಕಾಯಿಯನ್ನು ಯಾರೂ ತಿನ್ನುವುದಿಲ್ಲ. ಒಡೆದರೆ ಅತ್ತಿಹಣ್ಣಿನ ಹಾಗೆ ಒಳಗೆಲ್ಲ ಹುಳ.

ಮುದುಕ ತಿಳಿದೇ ಕೊಟ್ಟಿದ್ದ. ಜೂನ್ ಬಂತೆಂದರೆ ಆ ಕಾಯಿಗಳನ್ನು ಐದೈದಾಗಿ ಜೊಂಡಿನ ಎಳೆಗೆ ಪೋಣಿಸಿ ಹೆಣ್ಣು ಮರಗಳಿಗೆ ತೂಗುಹಾಕಬೇಕು. ಹುಳ ಹೊರಬಂದು ಹೆಣ್ಣು ಕಾಯಿಯೊಳಗೆ ಹೊಕ್ಕರೆ ಕಾಯಿ ನಿಲ್ಲುತ್ತದೆ, ಇಲ್ಲದಿದ್ದರೆ ಉದುರುತ್ತದೆ. ಆದ್ದರಿಂದ ವರ್ಷಕ್ಕೊಮ್ಮೆ, ಮೂರು ವಾರ, ದಹಬಿಯಾ ತವರಿಗೆ ಬರಲೇಬೇಕಿತ್ತು. ಗಂಡನ ಮನೆಯವರು ಬೇಡವೆನ್ನುವಂತಿರಲಿಲ್ಲ. ಆಸ್ತಿ ನೋಡಿಕೊಳ್ಳಲು ಹೋಗುವವಳನ್ನು ಯಾರು ತಡೆಯುತ್ತಾರೆ?

ನಲವತ್ತು ವರ್ಷ ಹಾಗೇ ಬಂದಳು. ಬಾಗಿಲಲ್ಲಿ ಕೂಗುತ್ತಿರಲಿಲ್ಲ. ಕೈಯಲ್ಲಿ ನೆನೆಸಿದ ಜೊಂಡಿನ ಕಟ್ಟು ಬಿಟ್ಟರೆ ಏನೂ ತರುತ್ತಿರಲಿಲ್ಲ. ಚಪ್ಪಲಿ ಒಂದು ಕಡೆ, ತಲೆವಸ್ತ್ರ ಒಂದು ಕಡೆ ಎಸೆದು, ಮಡಕೆಗೇ ಬಾಯಿಟ್ಟು ಮಜ್ಜಿಗೆ ಕುಡಿದು, ತಮ್ಮನ ಹೆಂಡತಿಯ ಸಾರಿಗೆ ಬೆರಳದ್ದಿ ನೆಕ್ಕುತ್ತಿದ್ದಳು.

"ಲೇ ತಸಾದಿತ್, ಉಪ್ಪಿಗೇನು ಸಮುದ್ರಕ್ಕೆ ಹೋಗ್ಬೇಕಾ? ನನ್ನ ತಮ್ಮನ್ನ ಹೀಗೆ ಸಪ್ಪೆ ತಿನ್ಸಿ ತಿನ್ಸಿ ಸಪ್ಪೆ ಮಾಡಿಟ್ಟಿದ್ದೀಯ."

ಅರವತ್ತು ದಾಟಿದ ಮೇಲೂ ಮರ ಹತ್ತುತ್ತಿದ್ದಳು. ಊರಿನವರೆಲ್ಲ ಬುಟ್ಟಿ ಹಿಡಿದು ಕೆಳಗೆ ನಿಲ್ಲುತ್ತಿದ್ದರು. ಗಂಡು ಕಾಯಿ ಕೇಳಿದವರಿಗೆ ಇಲ್ಲವೆನ್ನಬಾರದೆಂದು ಅವಳ ಹಟ. "ನನ್ನ ಮರದ ನೆರಳಲ್ಲಿ ಆರಾಮಾಗಿ ಕೂತಿದ್ದೀಯಲ್ಲೋ, ಎದ್ದು ಏಣಿ ಹಿಡ್ಕೊ" ಎಂದು ಮೇಲಿನಿಂದ ತಮ್ಮನನ್ನು ಗದರುವಳು.

ಇಷ್ಟೆಲ್ಲ ಗೊತ್ತಿದ್ದೂ ಮೆಜಿಯಾನ್ ಕಡಿದ. ಈರುಳ್ಳಿಗೆ ನೀರು ಹಾಯಿಸಲು ಸಿಮೆಂಟಿನ ತೊಟ್ಟಿ ಬೇಕಿತ್ತು, ಹೊಲದಲ್ಲಿ ಎತ್ತರದ ಜಾಗ ಅದೊಂದೇ.

"ಅಕ್ಕನ್ನ ಒಂದು ಮಾತು ಕೇಳಿ" ಎಂದಳು ತಸಾದಿತ್.

"ಗಂಡು ಕಾಯಿಗೇನು ಬರವಾ? ಸಂತೇಲಿ ಬುಟ್ಟಿಗಟ್ಲೆ ಬರುತ್ತೆ. ಅಕ್ಕಂಗೆ ನಾನೇ ಹೇಳ್ತೀನಿ ಬಿಡು."

ಬೇರು ಸಹಿತ ಅಗೆದು ಹಾಕಿದ. ಕೊಂಬೆಗಳನ್ನು ಕತ್ತರಿಸಿ ಆಡಿನ ದೊಡ್ಡಿಗೆ ಗೂಟ ಹೊಡೆದ. ಹೇಳುವುದು ಮಾತ್ರ ಆಗಲಿಲ್ಲ. ಫೆಬ್ರವರಿ ಮಳೆಯಲ್ಲಿ ಹೋಯಿತು, ಮಾರ್ಚ್ ಉಳುಮೆಯಲ್ಲಿ. ಏಪ್ರಿಲ್‌ನಲ್ಲಿ ನೆಂಟರ ಮದುವೆಯಲ್ಲಿ ಅಕ್ಕ ಎದುರಿಗೇ ಸಿಕ್ಕಳು. ಕುಸ್ಕುಸ್ ತಟ್ಟೆ ಅವನ ಕೈಗಿಡುತ್ತ ಕೇಳಿದಳು.

"ನನ್ನ ಮರ ಚಿಗುರ್ತೇನೋ?"

"ಚಿಗುರ್ತು ಅಕ್ಕ" ಎಂದ ಮೆಜಿಯಾನ್.

ಮರ ಕಡಿದದ್ದು ತಪ್ಪೇ. ಆದರೆ ಆಮೇಲೆ ಅವನನ್ನು ತಿಂದದ್ದು ಆ ಎರಡು ಮಾತು.

ಜೂನ್ ಮೊದಲ ವಾರ ದಹಬಿಯಾ ಬಂದಳು. ಜೊಂಡಿನ ಕಟ್ಟು ಹಿಡಿದು ನೇರ ಮೇಲಿನ ಮೂಲೆಗೆ ಹೋದಳು. ಮೆಜಿಯಾನ್ ಹಿಂದಿನಿಂದ ಓಡಿದ. ಅವಳು ತೊಟ್ಟಿಯ ಕಟ್ಟೆಯ ಮೇಲೆ ಕೂತಿದ್ದಳು.

"ಯಾವಾಗ?"

"ಜನವರೀಲಿ."

"ಮದುವೆ ಮನೇಲಿ ಚಿಗುರ್ತು ಅಂದ್ಯಲ್ಲೋ."

ಮೆಜಿಯಾನ್ ತಪ್ಪಾಯಿತು ಎನ್ನಬಹುದಿತ್ತು. ಅವನು ವಾದಕ್ಕೆ ನಿಂತ.

"ಆ ಮರದಿಂದ ನಿಂಗೇನು ಸಿಕ್ತಿತ್ತು ಅಕ್ಕ? ಒಂದು ಹಣ್ಣಾದ್ರೂ ತಿನ್ನೋ ಹಾಗಿತ್ತಾ?"

"ಹಣ್ಣು ತಿನ್ನೋಕೆ ಬರ್ತಿದ್ನೇನೋ ನಾನು" ಎಂದಳು ದಹಬಿಯಾ. ಜೊಂಡಿನ ಕಟ್ಟನ್ನು ಕಟ್ಟೆಯ ಮೇಲಿಟ್ಟು ಎದ್ದಳು. ತಸಾದಿತ್ ಮಜ್ಜಿಗೆ ಹಿಡಿದು ಬಾಗಿಲಿಗೆ ಬರುವಷ್ಟರಲ್ಲಿ ಅವಳು ಕಣಿವೆ ಇಳಿಯುತ್ತಿದ್ದಳು.

ಮೆಜಿಯಾನ್ ಸಂತೆಗೆ ಹೋದ. ಗಂಡು ಕಾಯಿ ಇತ್ತು, ಸುಳ್ಳಲ್ಲ. ಆದರೆ ಬಯಲುಸೀಮೆಯಿಂದ ಬಸ್ಸಿನ ಸೆಕೆಯಲ್ಲಿ ಬಂದದ್ದು; ಹುಳವೆಲ್ಲ ದಾರಿಯಲ್ಲೇ ಹಾರಿಹೋಗಿತ್ತು. ಅಕ್ಕ ಬಿಟ್ಟುಹೋದ ಜೊಂಡಿಗೇ ಆ ಖಾಲಿ ಕಾಯಿಗಳನ್ನು ಪೋಣಿಸಿ ಕಟ್ಟಿದ. ಜುಲೈನಲ್ಲಿ ಅಂಜೂರ ಕಡಲೆಕಾಳಿನ ಗಾತ್ರಕ್ಕೆ ಬಂದು, ಹಳದಿಯಾಗಿ, ಸುಕ್ಕುಗಟ್ಟಿ ಉದುರಿತು. ತಸಾದಿತ್ ದಿನಾ ಬೆಳಿಗ್ಗೆ ಮರದ ಬುಡ ಗುಡಿಸಿ ಆಡಿಗೆ ಹಾಕಿದಳು, ಒಂದು ಮಾತೂ ಆಡಲಿಲ್ಲ. ಪಕ್ಕದ ಹೊಲದ ಬುಸಾದ್‌ಗೆ ಅಷ್ಟು ತಾಳ್ಮೆ ಇರಲಿಲ್ಲ. ಅವನ ಮರಗಳೂ ಬರಿದಾಗಿದ್ದವು.

"ನಿಮ್ಮಕ್ಕನ ಮರ ಈ ಊರಿಗೆಲ್ಲ ಗಂಡನಾಗಿತ್ತು ಕಣಯ್ಯ" ಎಂದ. "ಒಂದು ತೊಟ್ಟಿ ನೀರಿಗೋಸ್ಕರ ಊರನ್ನೇ ಮುಂಡೆ ಮಾಡಿ ಕೂರಿಸಿದೆ. ಈಗ ಈರುಳ್ಳಿ ತಿನ್ನು, ಕಣ್ಣೀರಾದ್ರೂ ಬರುತ್ತೆ."

ಆಗಸ್ಟ್‌ನಲ್ಲಿ ಅಂಜೂರ ಒಣಗಿಸುವ ಚಾಪೆಗಳು ಸುತ್ತಿದ ಹಾಗೇ ಗೋಡೆಗೆ ಒರಗಿದ್ದವು. ಈರುಳ್ಳಿ ಮಾತ್ರ ಚೆನ್ನಾಗಿ ಬಂತು. ಅದನ್ನು ನೋಡಿದಾಗಲೆಲ್ಲ ಮೆಜಿಯಾನನಿಗೆ ನಾಚಿಕೆಯಾಗುತ್ತಿತ್ತು.

ಸೆಪ್ಟೆಂಬರಿನಲ್ಲಿ ಆಡಿನ ದೊಡ್ಡಿಯ ಹಿಂದೆ ಹೋದವನಿಗೆ, ತಾನೇ ಹೊಡೆದ ಗೂಟಗಳಲ್ಲಿ ಒಂದು ಚಿಗುರಿದ್ದು ಕಂಡಿತು. ಗೇಣುದ್ದದ ಎರಡು ಕವಲು. ಆಡು ಬಾಯಿ ಹಾಕದಂತೆ ಸುತ್ತ ಮುಳ್ಳು ಕಟ್ಟಿದ, ಆ ಗಳಿಗೆಯಲ್ಲೇ ಕಣಿವೆ ದಾಟಿ ಅಕ್ಕನ ಮನೆಗೆ ಹೋದ.

"ಒಂದು ಗೂಟ ಚಿಗುರಿದೆ ಅಕ್ಕ. ಅದು ನಿಂದೇ. ಐದಾರು ವರ್ಷಕ್ಕೆ ಕಾಯಿ ಬಿಡುತ್ತೆ."

"ದೇವರು ಬೆಳೆಸ್ಲಿ" ಎಂದಳು ದಹಬಿಯಾ. ಸಿಟ್ಟಿನ ಸುಳಿವೇ ಇರಲಿಲ್ಲ. ಬೈದಿದ್ದರೆ ಅವನು ಹಗುರಾಗಿ ಮನೆಗೆ ಬರುತ್ತಿದ್ದ.

"ಆಲಿವ್ ಕೊಯ್ಲಿಗಾದ್ರೂ ಬಾ."

"ಕರೆದ್ರೆ ಬರದೇ ಇರೋಕಾಗುತ್ತಾ? ಬರ್ತೀನಿ."

ಡಿಸೆಂಬರಿನಲ್ಲಿ ಕೊಯ್ಲು ಶುರುವಾಯಿತು. ಆ ದಿನ ಬೆಳಿಗ್ಗೆ ತಸಾದಿತ್ ಒಲೆಯ ಮುಂದೆ ಬಹಳ ಹೊತ್ತು ಕೂತಿದ್ದಳು. ಹೊರಗೆ ಯಾರೋ ಕೆಮ್ಮಿದರು.

"ಮನೇಲಿ ಯಾರಿದ್ದೀರಿ?"

ದಹಬಿಯಾ ಹೊಸ್ತಿಲಾಚೆ ನಿಂತಿದ್ದಳು. ಕೈಯಲ್ಲಿ ಬಟ್ಟೆ ಸುತ್ತಿದ ಮೊಟ್ಟೆಗಳು, ನೆಂಟರ ಮನೆಗೆ ಹೋಗುವವರು ಒಯ್ಯುವ ಹಾಗೆ.

"ಒಳಗೆ ಬಾ ಅಕ್ಕ, ನಿನ್ನನ್ನ ಕರೀಬೇಕಾ" ಎಂದ ಮೆಜಿಯಾನ್.

ಅವಳು ಚಪ್ಪಲಿಗಳನ್ನು ಜೋಡಿಸಿಟ್ಟು, ತಲೆವಸ್ತ್ರ ಹೊದ್ದುಕೊಂಡೇ ಒಳಗೆ ಬಂದಳು. ದಿನವೆಲ್ಲ ಮರದಡಿ ಬಗ್ಗಿ ಆಲಿವ್ ಆರಿಸಿದಳು. ಮಧ್ಯಾಹ್ನ ತಸಾದಿತ್ ರೊಟ್ಟಿ, ಸಾರು ತಂದಿಟ್ಟಳು. ದಹಬಿಯಾ ರೊಟ್ಟಿ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟಳು. ತಸಾದಿತ್ ಅವಳ ಮುಖವನ್ನೇ ನೋಡುತ್ತಿದ್ದಳು.

"ತುಂಬಾ ಚೆನ್ನಾಗಿದೆ ಕಣಮ್ಮ" ಎಂದಳು ದಹಬಿಯಾ. "ನಿಮಗೆ ಸುಮ್ಮನೆ ತೊಂದರೆ ಕೊಟ್ಟೆ."

ಮೆಜಿಯಾನ್ ಒಂದು ತುತ್ತು ತಿಂದು ಹೆಂಡತಿಯ ಕಡೆ ನೋಡಿದ. ಅವಳು ತಲೆ ತಗ್ಗಿಸಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಬೈಸಿಕೊಳ್ಳಬೇಕೆಂದೇ ಆ ಸಾರಿಗೆ ಅವಳು ಒಂದು ಹರಳು ಉಪ್ಪನ್ನೂ ಹಾಕಿರಲಿಲ್ಲ.